ಶಾಲೆಯ ನೇರಪ್ರಸಾರಕ್ಕೆ ಓಬಿಎಸ್ ಸ್ಟುಡಿಯೋ

ಮಂಡ್ಯದ ನಮ್ಮ ಶಾಲೆಯ ವಾರ್ಷಿಕೋತ್ಸವವನ್ನು ಪರಊರಿನಲ್ಲಿರುವ ಪೋಷಕರಿಗೂ ತೋರಿಸಲೆಂದು ಅಳವಡಿಸಿಕೊಂಡ ಓಬಿಎಸ್ ಸ್ಟುಡಿಯೋ, ಉಚಿತ ಮುಕ್ತ ತಂತ್ರಾಂಶವಾದರೂ, ಎರಡು ಕ್ಯಾಮೆರಾಗಳ ದೃಶ್ಯವನ್ನು ಬದಲಿಸುತ್ತಾ ಪರದೆಯ ಕೆಳಗೆ ಮಕ್ಕಳ ಹೆಸರನ್ನು ಕನ್ನಡದಲ್ಲೇ ಮೂಡಿಸುವ ಕೆಲಸವನ್ನು ಅಚ್ಚುಕಟ್ಟಾಗಿ ನಿರ್ವಹಿಸಿತು. ಹೆಚ್ಚು ಗಮನ ಬೇಡುವುದು ಧ್ವನಿ: ಕ್ಯಾಮೆರಾದ ಮೈಕನ್ನೇ ನಂಬಿದರೆ ಮುಖ್ಯ ಅತಿಥಿಗಳ ಭಾಷಣಕ್ಕಿಂತ ಹಿಂದಿನ ಸಾಲಿನ ಹರಟೆಯೇ (ಅದೂ ಸ್ವಾರಸ್ಯಕರವೇ ಇರಬಹುದು) ಸ್ಪಷ್ಟವಾಗಿ ಕೇಳುವುದರಿಂದ, ವೇದಿಕೆಯ ಮೈಕುಗಳ ಧ್ವನಿಯನ್ನು ಒಗ್ಗೂಡಿಸುವ ಮಿಕ್ಸರಿನಿಂದ, ಆ ಧ್ವನಿಯನ್ನು ಕಂಪ್ಯೂಟರಿಗೆ ತಲುಪಿಸುವ ಸಾಧನವಾದ ಆಡಿಯೋ ಇಂಟರ್‌ಫೇಸ್ ಮೂಲಕ ಲ್ಯಾಪ್‌ಟಾಪಿಗೆ ನೇರ ಸಂಪರ್ಕ ಕೊಡುವುದು ಅನಿವಾರ್ಯ. 720ಪಿ (ಎಚ್‌ಡಿಯ ಆರಂಭಿಕ ಹಂತ) ದೃಶ್ಯ ಗುಣಮಟ್ಟಕ್ಕೆ ಸೆಕೆಂಡಿಗೆ ಸುಮಾರು 4 ಮೆಗಾಬಿಟ್ ಬೇಕಾಗುವುದರಿಂದ ಅಪ್‌ಲೋಡ್ ವೇಗ ಅದಕ್ಕಿಂತ ಸಾಕಷ್ಟು ಹೆಚ್ಚಿರಬೇಕು. ವೈಫೈಗಿಂತ ಕೇಬಲ್ ಮೇಲು. ಯೂಟ್ಯೂಬಿನಲ್ಲಿ ಮೊದಲ ನೇರಪ್ರಸಾರಕ್ಕೆ ಅನುಮತಿ ದೊರೆಯಲು 24 ಗಂಟೆಗಳವರೆಗೆ ಹಿಡಿಯಬಹುದಾದ್ದರಿಂದ, ಖಾತೆಯನ್ನು ಮುಂಚಿತವಾಗಿಯೇ ಸಿದ್ಧಪಡಿಸಿಕೊಳ್ಳಬೇಕು.