ಎಮರ್ಜೆನ್ಸಿ ಬಲ್ಬು, ಯುಪಿಎಸ್, ಚಾವಣಿ ಸೋಲಾರ್: ನಮ್ಮ ಮನೆಯಲ್ಲಿ ಯಾವುದು ಕೆಲಸಕ್ಕೆ ಬಂತು

ಪಾವಗಡದಲ್ಲಿ ಕರೆಂಟ್ ಇಲ್ಲ ಎಂದರೆ ಬೆಂಗಳೂರಿನ ನೆಂಟರು ನಗುತ್ತಾರೆ. ತಿರುಮಣಿಯ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ನಿಮ್ಮ ಪಕ್ಕದಲ್ಲೇ ಇದೆ ಅಲ್ವಾ ಅಂತ. ಇದೆ. ಆ ಕರೆಂಟ್ ದೊಡ್ಡ ಲೈನ್ ಹಿಡಿದು ಹೋಗುತ್ತದೆ. ನಮ್ಮ ಬೀದಿಗೆ ಬೇಕಾದದ್ದು ಸುಡದ ಟ್ರಾನ್ಸ್‌ಫಾರ್ಮರ್, ಗಾಳಿಗೆ ಕಡಿಯದ ತಂತಿ.

ಮೊದಲು ತಂದದ್ದು 9 ವ್ಯಾಟ್‌ನ ಎಮರ್ಜೆನ್ಸಿ ಬಲ್ಬು. ಡಬ್ಬದ ಮೇಲೆ ನಾಲ್ಕು ಗಂಟೆ ಅಂತ ಇತ್ತು. ಎರಡು ಗಂಟೆಗೇ ಮಂಕಾಯಿತು. ಬಚ್ಚಲಿಗೆ ಸಾಕು. ಏಪ್ರಿಲ್ ಸೆಕೆಯಲ್ಲಿ ಬೆಳಕು ಯಾರಿಗೆ ಬೇಕು? ಫ್ಯಾನ್ ಬೇಕು.

ಹಾಗಾಗಿ ಯುಪಿಎಸ್ ಬಂತು, 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿ ಜೊತೆ. ಬ್ಯಾಟರಿಯ 12 ವೋಲ್ಟ್‌ನಿಂದ ಗುಣಿಸಿದರೆ 1,800 ವ್ಯಾಟ್-ಅವರ್. ಎರಡು ಹಳೇ ಫ್ಯಾನ್ ಸೇರಿ 150 ವ್ಯಾಟ್, ಜೊತೆಗೆ ಮೂರು ಬಲ್ಬು. ಲೆಕ್ಕದಲ್ಲಿ ಹತ್ತು ಗಂಟೆ, ಸಿಕ್ಕಿದ್ದು ಆರು. ಮಿಕ್ಸಿ ಹಾಕಿದರೆ ಕುಂಯ್ ಅಂತ ಕೂಗಿ ಆಫ್ ಆಗುತ್ತದೆ, ಚಟ್ನಿ ಅರ್ಧಕ್ಕೇ ನಿಲ್ಲುತ್ತದೆ.

ಅದೂ ಇರಲಿ. ಕೆಲವು ದಿನ ಸಂಜೆ ಕರೆಂಟ್ ಹೋಗಿ ಒಂದು ಗಂಟೆಗೇ ಎಲ್ಲ ಕತ್ತಲು. ಬ್ಯಾಟರಿ ಕೊಟ್ಟವರನ್ನು ಬೈದೆವು. ಡಿಸ್ಟಿಲ್ಡ್ ವಾಟರ್ ತುಂಬಿಸಿದೆವು. ಕೊನೆಗೆ ಕಂಡದ್ದು ಯುಪಿಎಸ್ ಪೆಟ್ಟಿಗೆಯ ಹಿಂಬದಿಯ ಪುಟ್ಟ ಸ್ವಿಚ್: ‘ಯುಪಿಎಸ್’, ‘ನಾರ್ಮಲ್’. ಮೊದಲನೆಯದರಲ್ಲಿಟ್ಟರೆ ವೋಲ್ಟೇಜ್ ಸುಮಾರು 180ಕ್ಕಿಂತ ಇಳಿದ ಕೂಡಲೇ ಬ್ಯಾಟರಿಗೆ ಹಾರುತ್ತದೆ. ನಮ್ಮಲ್ಲಿ ದಿನಾ ಸಂಜೆ ಲೋ ವೋಲ್ಟೇಜ್. ಅಂದರೆ ಕರೆಂಟ್ ಇದ್ದಾಗಲೇ ಬ್ಯಾಟರಿ ಸುಮ್ನೆ ಖಾಲಿಯಾಗುತ್ತಿತ್ತು! ‘ನಾರ್ಮಲ್’ಗೆ ತಿರುಗಿಸಿದೆ, ಸರಿಹೋಯಿತು. ಹೀಗಿಟ್ಟರೆ ಬ್ಯಾಟರಿಗೆ ಹಾರುವುದು ತುಸು ತಡ, ಕರೆಂಟ್ ಹೋದ ಕ್ಷಣಕ್ಕೆ ಕಂಪ್ಯೂಟರ್ ಆಫ್ ಆಗಬಹುದು, ನಮ್ಮ ಮನೆಯಲ್ಲಿ ಅದಿಲ್ಲ. ಲೋ ವೋಲ್ಟೇಜಿಗೆ ಫ್ಯಾನ್ ನಿಧಾನ ತಿರುಗುತ್ತದೆ, ತಿರುಗಲಿ.

ಚಾವಣಿ ಸೋಲಾರ್ ಹಾಕಿಸಿದ್ದು ಹೋದ ವರ್ಷ. ಬಿಲ್ ಇಳಿಯಿತು, ಆ ಮಾತು ನಿಜ. ಆದರೆ ನಮ್ಮದು ಆನ್-ಗ್ರಿಡ್, ಅಂದರೆ ಬ್ಯಾಟರಿ ಇಲ್ಲದೆ ಬೀದಿ ಲೈನಿಗೇ ಜೋಡಿಸಿದ್ದು. ಲೈನ್‌ನಲ್ಲಿ ಕರೆಂಟ್ ಹೋದರೆ ಅದೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಮ್ಮ ಮನೆಯಿಂದ ಶಾಕ್ ಹೊಡೆಯಬಾರದಲ್ಲ, ಅದಕ್ಕೇ ಹಾಗೆ ಮಾಡಿರುತ್ತಾರೆ. ಸರಿಯಾದದ್ದೇ. ಆದರೂ ಉರಿಬಿಸಿಲಲ್ಲಿ, ತಲೆ ಮೇಲೆ ಪ್ಯಾನೆಲ್ ಇಟ್ಟುಕೊಂಡು ಬೀಸಣಿಗೆ ಹಿಡಿದು ಕೂತಾಗ ಮೈ ಉರಿಯುತ್ತದೆ. ಬ್ಯಾಟರಿ ಸೇರಿದ ಹೈಬ್ರಿಡ್ ಬೇರೆ ಇದೆ, ದುಡ್ಡು ಜಾಸ್ತಿ.

ಒಂದೇ ಕೊಳ್ಳುವುದಾದರೆ ಯುಪಿಎಸ್ ಕೊಳ್ಳಿ. ಇನ್ನೂ ಕಾಸು ಮಿಕ್ಕರೆ, ಕರೆಂಟ್ ಕಾಟಕ್ಕಂತೂ ಸೋಲಾರ್‌ಗಿಂತ ಮೊದಲು ಫ್ಯಾನ್ ಬದಲಿಸಿ. ನಾವು ಕರೆಂಟ್ ಕಡಿಮೆ ಎಳೆಯುವ, ಸುಮಾರು 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಎರಡು ಹಾಕಿಸಿದ ಮೇಲೆ ಅದೇ ಹಳೇ ಬ್ಯಾಟರಿ ಬೆಳಗಿನ ತನಕ ಬರುತ್ತಿದೆ.