ಜಿಂಕೆಗೆ ಕ್ಲೋವರ್ ಮೇವೋ, ಪೊದೆಯ ಮರೆಯೋ?

ಅಮೆರಿಕದ ಮಿಸೌರಿ ರಾಜ್ಯದಲ್ಲಿ 20 ಎಕರೆ ಕೊಂಡು, ಬಿಳಿಬಾಲದ ಜಿಂಕೆ ನಿಲ್ಲಬೇಕು, ಬೇಟೆಯೂ ಆಗಬೇಕು ಎನ್ನುವವರು, ಕ್ಲೋವರ್ ಎಂಬ ಮೇವಿನ ಸಸ್ಯ ಬಿತ್ತುವುದೋ, ಪೊದೆಯ ಮರೆ ಮಾಡುವುದೋ ಎಂದು ತೀರ್ಮಾನಿಸುವ ಮೊದಲು ಬೇಲಿಯಾಚೆ ನೋಡಬೇಕು.

ಸುತ್ತ ಮೆಕ್ಕೆಜೋಳ, ಸೋಯಾ ಹೊಲಗಳಿದ್ದರೆ ಮೇವಿಗೆ ಬರವಿಲ್ಲ, ಹಗಲಲ್ಲಿ ಮಲಗಲು ಮರೆಯಿಲ್ಲ. ಅಲ್ಲಿ ನನ್ನ ಒಲವು ಪೊದೆಯ ಕಡೆಗೆ. ಎಳೆಯ ಮರವನ್ನು ಎದೆಯೆತ್ತರದಲ್ಲಿ ಮುಕ್ಕಾಲು ಕೊಯ್ದು ಬಾಗಿಸಿದರೆ, ಕಡಿಯದೆ ಉಳಿದ ಪಟ್ಟಿಯ ಬಲದಿಂದ ಅದು ಬದುಕಿ ಚಿಗುರುತ್ತದೆ. ಮರೆಯೂ ಆಯಿತು, ಬಾಯಿಗೆಟಕುವ ಸೊಪ್ಪೂ ಆಯಿತು. ಬಿಳಿ ಓಕ್ ಮರವನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ, ಅದರ ಕಾಯಿ ಜಿಂಕೆಗೆ ಬಲು ಇಷ್ಟ. ದಪ್ಪ ಮರ ಸೀಳಿ ಹಿಂದಕ್ಕೆ ಚಿಮ್ಮಿದರೆ ಪ್ರಾಣಕ್ಕೇ ಕುತ್ತು, ಒಬ್ಬರೇ ಗರಗಸ ಹಿಡಿಯಬೇಡಿ.

ಸುತ್ತ ದಟ್ಟ ಕಾಡಿದ್ದರೆ ಲೆಕ್ಕ ತಿರುಗುತ್ತದೆ, ಅಲ್ಲಿ ಅರ್ಧ ಎಕರೆ ಕ್ಲೋವರ್ ಜಿಂಕೆಗಳನ್ನು ಸೆಳೆಯುತ್ತದೆ.

ಖರ್ಚು ಕ್ಲೋವರ್‌ಗೇ ಹೆಚ್ಚು: ಮಣ್ಣಿನ ಪರೀಕ್ಷೆ, ಸುಣ್ಣ, ಬೀಜ, ಕಳೆ ಸವರುವ ಕೆಲಸ. ಮಣ್ಣಿನ ಹುಳಿತನ ತೋರುವ ಪಿಎಚ್ ಅಂಕ 6ಕ್ಕಿಂತ ತೀರ ಕೆಳಗಿದ್ದರೆ ಹಣ ಮಣ್ಣುಪಾಲು. ಆರೈಕೆ ಸಿಕ್ಕರೆ ಬಿಳಿ ಕ್ಲೋವರ್ ಮೂರರಿಂದ ಐದು ವರ್ಷ ಬಾಳುತ್ತದೆ. ಪೊದೆಗೆ ಗರಗಸ, ಹೆಲ್ಮೆಟ್, ಮೈಮುರಿಯುವ ದುಡಿಮೆ ಸಾಕು.

ಬಿಲ್ಲು ಹಿಡಿದವರಿಗೆ ಕ್ಲೋವರ್ ಅಂಚಿನಲ್ಲಿ ಗುರಿ ಸಲೀಸು. ಪೊದೆಯೊಳಗೆ ಕಾಲಿಟ್ಟರೆ ಜಿಂಕೆ ಜಾಗ ಬಿಡುತ್ತದೆ. ಗಾಳಿಗೆ ಎದುರಾಗಿ, ಹೊರಗೇ ಕೂರಬೇಕು. ಕಾಳಿನ ರಾಶಿ ಸುರಿದು ಬೇಟೆಯಾಡುವುದು ಮಿಸೌರಿಯಲ್ಲಿ ಅಪರಾಧ, ಬಿತ್ತಿ ಬೆಳೆದ ಮೇವಿನ ಬಳಿ ಕೂರಲು ಅಡ್ಡಿಯಿಲ್ಲ.