ಪಾರ್ಕಿಂಗ್ ಲಾಟ್ ಇರೋರು ಓದಿ: ಹಿಮ ಕರಗಿದ ತಕ್ಷಣ ಬರೋ "ಫ್ರೀ ಇನ್‌ಸ್ಪೆಕ್ಷನ್" ಗಾಡಿ ಬಗ್ಗೆ

ಮಿಷಿಗನ್, ಒಹಾಯೊ, ಇಲಿನಾಯ್ ಕಡೆ ಅಂಗಡಿನೋ ಮೋಟೆಲ್ಲೋ ಸಣ್ಣ ಪ್ಲಾಜಾನೋ ಇಟ್ಕೊಂಡಿರೋ ನಮ್ಮವರು ದಯವಿಟ್ಟು ಇದನ್ನ ಪೂರ್ತಿ ಓದಿ. ಉದ್ದ ಇದೆ, ಸಿಟ್ಟಲ್ಲಿ ಬರೀತಿದೀನಿ, ಹೇಳಿದ್ದೇ ಹೇಳಿರಬಹುದು, ಸಹಿಸ್ಕೊಳ್ಳಿ. ಪಾರ್ಕಿಂಗ್‌ಗೆ ಡಾಂಬರು ಹಾಕ್ತೀನಿ ಅಂತ ಬಂದ ಒಬ್ಬ ಕಳ್ಳನಿಂದ 9,400 ಡಾಲರ್ ಹೋಗಿದೆ ಸ್ವಾಮಿ. ದುಡ್ಡು ಹೋಗಿದ್ದಕ್ಕಿಂತ ಆ ನನ್ನ ಮಗ ಫೋನಲ್ಲಿ ಕೊಟ್ಟ ಉತ್ತರಗಳು ಇನ್ನೂ ಕಿವೀಲಿ ಕೂತಿವೆ, ರಾತ್ರಿ ಎದ್ದೆದ್ದು ಮನಸ್ಸಲ್ಲೇ ಅವನಿಗೆ ವಾಪಸ್ ಉತ್ತರ ಕೊಡ್ತಿರ್ತೀನಿ.

ನಮ್ದು ಮಿಷಿಗನ್‌ನಲ್ಲಿ ಸಣ್ಣ ಸ್ಟ್ರಿಪ್ ಪ್ಲಾಜಾ. ನಾನು ನಮ್ಮ ಭಾವ ಸೇರಿ ತಗೊಂಡಿದ್ದು, ನಮ್ಮ ಗ್ರೋಸರಿ ಅಂಗಡಿ ಒಂದು, ಮಿಕ್ಕಿದ್ದು ಬಾಡಿಗೆಗೆ. ಮುಂದೆ ಸುಮಾರು ನಲವತ್ತು ಕಾರು ನಿಲ್ಲೋ ಪಾರ್ಕಿಂಗ್, ಹಿಂದೆ ಡಂಪ್‌ಸ್ಟರ್ ಇರೋ ಜಾಗ. ಇಲ್ಲಿನ ಚಳಿಗಾಲ ಡಾಂಬರಿಗೆ ಏನ್ ಮಾಡುತ್ತೆ ಅಂತ ಇಲ್ಲಿರೋರಿಗೆ ಹೇಳಬೇಕಾಗಿಲ್ಲ. ಹಗಲು ಹಿಮ ಕರಗಿ ನೀರು ಬಿರುಕಿಗೆ ಇಳಿಯುತ್ತೆ, ರಾತ್ರಿ ಹೆಪ್ಪುಗಟ್ಟಿ ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತೆ, ಬೆಳಗ್ಗೆ ಮತ್ತೆ ಕರಗುತ್ತೆ. ಹೀಗೇ ಮಾರ್ಚ್ ತನಕ. ಮೇಲಿಂದ ಸ್ನೋ ಪ್ಲೋ ಬ್ಲೇಡು ಬೇರೆ ಕೆರೆದು ಎಬ್ಬಿಸುತ್ತೆ. ಈ ಸಲ ಹಿಮ ಹೋದ್ಮೇಲೆ ನೋಡಿದ್ರೆ ಹಿಂದುಗಡೆ ಕಸದ ಲಾರಿ ನಿಲ್ಲೋ ಕಡೆ ಪೂರ್ತಿ ಅಲಿಗೇಟರ್ ಕ್ರ್ಯಾಕ್ (ಮೊಸಳೆ ಚರ್ಮದ ಥರ ಬಲೆ ಬಲೆ ಬಿರುಕು), ಮುಂದೆ ಮೂರ್ನಾಲ್ಕು ಗುಂಡಿ, ಮಧ್ಯದಲ್ಲಿ ಮಳೆನೀರು ಇಳಿಯೋ ಕ್ಯಾಚ್ ಬೇಸಿನ್ ಸುತ್ತ ನೆಲ ಕುಸಿದು ಕಬ್ಬಿಣದ ಜಾಲರಿ ಮೇಲೆದ್ದು ನಿಂತಿದೆ. ಯುಗಾದಿ ಸಾಮಾನು ತಗೊಳ್ಳೋಕೆ ಬಂದ ಒಬ್ಬರು ಅಮ್ಮ ಅಲ್ಲಿ ಎಡವಿ ಬೀಳೋ ಹಾಗಾದ್ರು, ಮಗಳು ಕೈ ಹಿಡ್ಕೊಂಡಿದ್ಳು, ಬಚಾವ್. ಯಾರಾದ್ರೂ ಬಿದ್ರೆ ಈ ದೇಶದಲ್ಲಿ ಏನಾಗುತ್ತೆ ಅಂತ ಗೊತ್ತಲ್ಲ, ವಕೀಲನ ಪತ್ರ ಮೊದಲು ಬರುತ್ತೆ, ಆಮೇಲೆ ಎಕ್ಸ್‌ರೇ.

ಹಾಗೆ ನಾನು ಹೆದರ್ಕೊಂಡಿರೋ ಹೊತ್ತಿಗೇ, ಮಾರ್ಚ್ ಕೊನೇ ವಾರ, ಈ ಗಾಡಿ ಬಂತು. ಬಿಳಿ ಪಿಕಪ್, ಬಾಗಿಲ ಮೇಲೆ ಚೆಂದದ ಲೋಗೊ, ಇಳಿದವನು ಕಿತ್ತಳೆ ಬಣ್ಣದ ಜಾಕೆಟ್ ಹಾಕ್ಕೊಂಡು ಕೈಯಲ್ಲಿ ಟ್ಯಾಬ್ಲೆಟ್. "ಸ್ಪ್ರಿಂಗ್ ಇನ್‌ಸ್ಪೆಕ್ಷನ್ ಫ್ರೀ, ಈ ರಸ್ತೇಲಿರೋ ಎಲ್ಲಾ ಬಿಸಿನೆಸ್‌ಗೂ ಮಾಡ್ಕೊಡ್ತಿದೀವಿ" ಅಂದ. ಫ್ರೀ ತಾನೇ, ನೋಡ್ಲಿ ಅಂತ ಬಿಟ್ಟೆ. ಬಿಳಿ ಸ್ಪ್ರೇ ಹಿಡ್ಕೊಂಡು ಗುಂಡಿ ಸುತ್ತ ರೌಂಡ್ ಹಾಕ್ದ, ಫೋಟೋ ತೆಗ್ದ, ಅಳತೆ ಚಕ್ರ ಉರುಳಿಸ್ಕೊಂಡು ಓಡಾಡ್ದ, ನಿಂತಲ್ಲೇ ನಂಗೆ ಇಮೇಲಿಗೆ ರಿಪೋರ್ಟು ಬಂತು. ಬಣ್ಣ ಬಣ್ಣದ ರಿಪೋರ್ಟು. ಕೆಂಪು ಅಕ್ಷರದಲ್ಲಿ "ಲಯಬಿಲಿಟಿ ರಿಸ್ಕ್" ಅಂತ ಬರೆದಿತ್ತು. ಆಮೇಲೆ ಅಂಗವಿಕಲರ ಪಾರ್ಕಿಂಗ್ ತೋರ್ಸಿ, "ಎಡಿಎ (ಅಂಗವಿಕಲರ ಹಕ್ಕಿನ ಕಾನೂನು) ಪ್ರಕಾರ ಇದು ವಯೊಲೇಷನ್, ಯಾರಾದ್ರೂ ಕೇಸ್ ಹಾಕಿದ್ರೆ ನಿಮ್ಮ ಪ್ಲಾಜಾನೇ ಹೋಗುತ್ತೆ ಮೈ ಫ್ರೆಂಡ್" ಅಂದ. ಮೈ ಫ್ರೆಂಡ್ ಅಂತೆ.

ರೇಟ್ ಕೇಳಿದ್ರೆ, "ಮಾಮೂಲಿ ಆದ್ರೆ 18,000, ಆದ್ರೆ ನಾವು ಇಲ್ಲೇ ಎರಡು ಮೈಲಿ ಆಚೆ ದೊಡ್ಡ ಜಾಬ್ ಮಾಡ್ತಿದೀವಿ, ಅಲ್ಲಿ ಹಾಟ್ ಮಿಕ್ಸ್ (ಪ್ಲಾಂಟಿಂದ ಬರೋ ಬಿಸಿ ಡಾಂಬರು) ಉಳಿಯುತ್ತೆ, ವೇಸ್ಟ್ ಮಾಡೋ ಬದಲು ನಿಮಗೆ ಹಾಕ್ಬಿಡ್ತೀವಿ, 9,400ಕ್ಕೆ ಎಲ್ಲಾ ಸೇರಿ. ಹಿಂದುಗಡೆ 1,800 ಚದರ ಅಡಿ, ಎರಡು ಇಂಚು ಹೊಸ ಡಾಂಬರು, ಗುಂಡಿ ಪ್ಯಾಚು, ಪೂರ್ತಿ ಸೀಲ್‌ಕೋಟ್ (ಮೇಲೆ ಬಳಿಯೋ ಕಪ್ಪು ಲೇಪ), ಹೊಸ ಗೆರೆ. ಆದ್ರೆ ನಾಳೆ ಬೆಳಗ್ಗೇನೇ, ಯಾಕಂದ್ರೆ ಮಾಲು ನಾಳೆಗೆ ಮುಗಿಯುತ್ತೆ." ಅರ್ಧ ಚೆಕ್ಕಲ್ಲಿ ಕೊಟ್ಟೆ. ಉಳಿದರ್ಧ ಕೆಲಸ ಆದ್ಮೇಲೆ, ಅದೂ ಕ್ಯಾಶ್. ಈ "ಉಳಿದಿರೋ ಮಾಲು" ಅನ್ನೋದು ಇಲ್ಲಿನ ಹಳೇ ಆಟ ಅಂತ ಈಗ ಎಲ್ಲರೂ ಹೇಳ್ತಾರೆ. ಆಗ ಯಾರೂ ಹೇಳ್ಲಿಲ್ಲ.

ಬೆಳಗ್ಗೆ ಆರಕ್ಕೆ ಬಂದ್ರು. ಒಂದು ಸಣ್ಣ ಟ್ರೇಲರ್, ಒಂದು ಟ್ಯಾಂಕು, ಕೈಯಲ್ಲಿ ತಳ್ಳೋ ಚಿಕ್ಕ ರೋಲರ್, ನಾಕು ಜನ. ಹಳೇ ಡಾಂಬರನ್ನ ಕಟ್ ಮಾಡಿ ತೆಗೀಲಿಲ್ಲ, ಗುಂಡೀಲಿದ್ದ ನೀರೂ ಬಳೀಲಿಲ್ಲ, ಹಾಗೇ ಸುರಿದು ಗುದ್ದಿದ್ರು. ಹಿಂದುಗಡೆ ಅಲಿಗೇಟರ್ ಕ್ರ್ಯಾಕ್ ಮೇಲೇ ಎಳೆದ್ರು. ಆಮೇಲೆ ಎಲ್ಲಾದರ ಮೇಲೂ ಕಪ್ಪು ಬಳಿದ್ರು ನೋಡಿ, ಅಬ್ಬಾ, ಮಧ್ಯಾಹ್ನದ ಹೊತ್ತಿಗೆ ಪ್ಲಾಜಾ ಹೊಸಾ ಶೋರೂಮ್ ಥರ ಹೊಳೀತಿತ್ತು. ನಾನು ಫೋಟೋ ತೆಗೆದು ಭಾವನಿಗೆ ಕಳಿಸಿ "ಹೆಂಗಿದೆ" ಅಂದೆ. ಅವರು "ಪರವಾಗಿಲ್ವಲ್ಲೋ, ಎಷ್ಟಕ್ಕೆ ಒಪ್ಸಿದೆ?" ಅಂತ ಮೆಸೇಜು ಹಾಕಿದ್ರು. ಆ ಮೆಸೇಜು ಈಗ ನೋಡಿದ್ರೆ ಫೋನ್ ಎತ್ತಿ ಎಸೀಬೇಕು ಅನ್ಸುತ್ತೆ.

ಎರಡನೇ ದಿನ ಗೆರೆ ಹೊಡೆದು ದುಡ್ಡು ಎಣಿಸ್ಕೊಂಡು ಹೋದ್ರು. ವೀಕೆಂಡ್ ಗಿರಾಕಿ ಬರೋಕೆ ಶುರು ಆದ್ರು, ಶೂ ತುಂಬ ಕಪ್ಪು. ಅಂಗಡಿ ಟೈಲ್ಸ್ ಮೇಲೆ ಕಪ್ಪು ಹೆಜ್ಜೆ, ಅಕ್ಕಿ ಮೂಟೆ ಮೇಲೆ ಕಪ್ಪು, ಒಬ್ಬರು ಹೊಸ ಕಾರಿನ ಮ್ಯಾಟ್ ತೋರಿಸಿ ಬೈದು ಹೋದ್ರು. ಫೋನ್ ಮಾಡ್ದೆ. "ಕ್ಯೂರ್ ಆಗ್ತಿದೆ ಸರ್, ನಾರ್ಮಲ್" ಅಂದ. ಆಗಿನ್ನೂ ಸರ್ ಅಂತಿದ್ದ.

ಒಂದು ಮಳೆ ಬಂತು. ಟೈರು ತಿರುಗೋ ಕಡೆಯೆಲ್ಲ ಕಪ್ಪು ಎದ್ದು ಹೋಗಿ ಹಳೇ ಬೂದಿ ಬಣ್ಣ ಕಾಣ್ತು, ಬಿರುಕುಗಳು ಎಲ್ಲಿದ್ವೋ ಅಲ್ಲೇ ಮತ್ತೆ. ಒಂದು ಬಿರುಕಿಗೂ ಏನೂ ತುಂಬಿರ್ಲಿಲ್ಲ, ಮೇಲೆ ಬಣ್ಣ ಬಳಿದಿದ್ರು ಅಷ್ಟೇ. ಕ್ಯಾಚ್ ಬೇಸಿನ್ ಸುತ್ತ ದಿಣ್ಣೆ ಥರ ಮಾಲು ಹಾಕಿದ್ರಿಂದ ನೀರು ಒಳಗೆ ಹೋಗ್ದೆ ಅಂಗವಿಕಲರ ಜಾಗದಲ್ಲೇ ಹೊಂಡ ಆಗಿ ನಿಂತ್ಕೊಂತು. ಯಾವ ಎಡಿಎ ಹೇಳಿ ನನ್ನ ಹೆದರ್ಸಿದ್ನೋ ಅದೇ ಜಾಗದಲ್ಲಿ! ಅಲ್ಲಿ ಇಳಿಜಾರು 48ಕ್ಕೆ 1ಕ್ಕಿಂತ ಜಾಸ್ತಿ ಇರಬಾರದು, ಪಕ್ಕದಲ್ಲಿ ವೀಲ್‌ಚೇರ್ ಇಳಿಸೋಕೆ ಐದು ಅಡಿ ಅಗಲದ ಖಾಲಿ ಪಟ್ಟಿ ಬೇಕು, ನಮ್ಮಂಥ ನಲವತ್ತು ಕಾರಿನ ಲಾಟ್‌ಗೆ ಅಂಥ ಜಾಗ ಎರಡು ಬೇಕು, ಅದರಲ್ಲಿ ಒಂದು ವ್ಯಾನಿಗೆ. ಇವನು ಮೊದಲಿದ್ದ ಎರಡನ್ನ ಒಂದು ಮಾಡಿ, ಪಟ್ಟಿನೂ ತಿಂದು, ಮಾಮೂಲಿ ಗೆರೆ ಎಳೆದು ಹೋಗಿದಾನೆ. ಅಂದ್ರೆ ಮುಂಚೆ ಇಲ್ಲದ ವಯೊಲೇಷನ್‌ನ ದುಡ್ಡು ಕೊಟ್ಟು ಮಾಡಿಸ್ಕೊಂಡಿದೀನಿ.

ಆದ್ರೂ ಕೆಲಸ ಕೆಟ್ಟದಾಗಿದೆ, ಸರಿ ಮಾಡಿಸ್ಬೇಕು ಅಂತಷ್ಟೇ ಅಂದ್ಕೊಂಡಿದ್ದೆ ನಾನು. ಮೋಸ ಅಂತ ಗೊತ್ತಾಗಿದ್ದು ಆಮೇಲೆ. ಪಕ್ಕದ ಚರ್ಚಿನ ಪಾರ್ಕಿಂಗ್ ನೋಡೋಕೆ ಅಂತ ಒಬ್ಬ ಹಳೇ ಕಾಂಟ್ರಾಕ್ಟರ್ ಬಂದಿದ್ದ, ಇದೇ ಕೌಂಟಿಯೋನು, ವಯಸ್ಸಾದೋನು, ನಮ್ಮಲ್ಲಿ ಸಮೋಸ ತಗೊಳ್ಳೋಕೆ ಒಳಗೆ ಬಂದ. ಬಿಲ್ ಹಾಕ್ತಾ ಸುಮ್ನೆ ತೋರ್ಸಿ ಕೇಳ್ದೆ. ಹೊರಗೆ ಹೋಗಿ ಜೇಬಿಂದ ಸ್ಕ್ರೂಡ್ರೈವರ್ ತೆಗೆದು ಹೊಸ ಪ್ಯಾಚಿಗೆ ಚುಚ್ಚಿದ. ಹಿಡಿ ತನಕ ಇಳೀತು. ತಿರುಗಿಸಿ ಎಬ್ಬಿಸಿದ್ರೆ ಪುಡಿ ಪುಡಿ ಜಲ್ಲಿ ಬಂತು. "ಇದು ಹಾಟ್ ಮಿಕ್ಸ್ ಅಲ್ಲ, ಹಳೇ ರಸ್ತೆ ಕೆರೆದ ಪುಡಿಗೆ ಕೋಲ್ಡ್ ಪ್ಯಾಚ್ (ಬಿಸಿ ಮಾಡ್ದೆ ಗುಂಡಿಗೆ ತುಂಬೋ ಮಾಲು) ಕಲಸಿದಾರೆ. ಯಾವಾಗ ಹಾಕಿದ್ದು?" ಅಂದ. ಮಾರ್ಚ್ ಕೊನೇ ವಾರ ಅಂದೆ. ನನ್ನ ಮುಖ ನೋಡ್ದ. "ಮಾರ್ಚಲ್ಲಿ ಇಲ್ಲಿ ಯಾವ ಪ್ಲಾಂಟ್ ತೆಗೆದಿತ್ತು?" ಅಂದ.

ನಂಗೆ ಉತ್ತರ ಇಲ್ಲ. ಚಳಿಗಾಲದಲ್ಲಿ ನಮ್ಮ ಕಡೆ ಡಾಂಬರು ಪ್ಲಾಂಟ್‌ಗಳು ಮುಚ್ಚಿರ್ತವೆ, ಸಾಮಾನ್ಯವಾಗಿ ಏಪ್ರಿಲ್ ಬಂದ್ಮೇಲೇನೇ ತೆಗೆಯೋದು. ಮೇಲಾಗಿ ಅದು ಫ್ರಾಸ್ಟ್ ಲಾ ಸಮಯ, ನೆಲ ಕರಗ್ತಾ ಮೆತ್ತಗಿರುತ್ತೆ ಅಂತ ಡಾಂಬರು ರಸ್ತೆ ಮೇಲೆ ಲಾರಿ ಭಾರಾನ ಶೇಕಡಾ 35 ಕಡಿಮೆ ಮಾಡ್ಸಿರ್ತಾರೆ. ಎರಡು ಮೈಲಿ ಆಚೆ ಯಾವ ದೊಡ್ಡ ಜಾಬೂ ಇರ್ಲಿಲ್ಲ, ಉಳಿಯೋಕೆ ಮಾಲೇ ಇರ್ಲಿಲ್ಲ. ನಾನು ದಿನಾ ಅದೇ ರಸ್ತೇಲಿ ಓಡಾಡ್ತೀನಿ, ಒಂದು ರೋಲರ್ ಕಂಡಿದ್ರೆ ಕೇಳಿ!

ಮುದುಕ ಅಲ್ಲಿಗೇ ಬಿಡ್ಲಿಲ್ಲ. ಬಿಲ್ ತೋರ್ಸು ಅಂದ. ಅಂಗಡಿ ಕಾಗದದ ಹಿಂದೆ ಲೆಕ್ಕ ಹಾಕ್ದ. 1,800 ಚದರ ಅಡಿ ಅಂದ್ರೆ 200 ಚದರ ಗಜ. ಒಂದು ಚದರ ಗಜಕ್ಕೆ ಒಂದು ಇಂಚು ದಪ್ಪಕ್ಕೆ ಸುಮಾರು 110 ಪೌಂಡ್ ಮಾಲು ಬೇಕು. ಎರಡು ಇಂಚಿಗೆ 44,000 ಪೌಂಡ್, ಅಂದ್ರೆ 22 ಟನ್. "ಎಷ್ಟು ಲಾರಿ ಬಂತು?" ಅಂದ. ಲಾರಿ ಎಲ್ಲಿ ಬಂತು ಗುರುವೇ, ಒಂದು ಪುಟ್ಟ ಟ್ರೇಲರ್ ಬಂದಿತ್ತು. ಆ ಟ್ರೇಲರ್‌ಗೆ 22 ಟನ್ ಹಾಕಿದ್ರೆ ಆಕ್ಸಲ್ ಮುರಿದು ರಸ್ತೇಲಿ ಕೂತಿರೋದು. ನಾನು ಅವತ್ತು ಕಾಫಿ ಲೋಟ ಹಿಡ್ಕೊಂಡು ಅದೇ ಟ್ರೇಲರ್ ಪಕ್ಕ ನಿಂತಿದ್ದೆ, ಹುಡುಗರಿಗೆ ನಾನೇ ಕಾಫಿ ಕೊಟ್ಟೆ. ಕಾಫಿ ಕೊಟ್ಟೆ! ಇದನ್ನ ಬರೀಬೇಕಾ ಬೇಡವಾ ಅಂತ ಯೋಚ್ನೆ ಮಾಡ್ದೆ, ಹೋಗ್ಲಿ ಬಿಡಿ, ಮಾನ ಹೆಂಗಿದ್ರೂ ಹೋಗಿದೆ. ಬೆಂಗಳೂರಲ್ಲಿ ಎಲೆಕ್ಷನ್ ಮುಂಚೆ ಹಾಕೋ ಡಾಂಬರು ನೋಡಿ ನಗ್ತಿದ್ದೋನು ನಾನು, ಅದೂ ಒಂದು ಮಳೆಗಾಲ ತಡೆಯುತ್ತೆ.

ಈಗ ಅವನ ಉತ್ತರಗಳು ಕೇಳಿ.

ಮೊದಲು: "ಸರ್, ವೆದರ್ ಸರಿ ಇರ್ಲಿಲ್ಲ." ಸೀಲ್‌ಕೋಟ್‌ಗೆ ಹಗಲೂ ರಾತ್ರಿನೂ 50 ಡಿಗ್ರಿ ಫ್ಯಾರನ್‌ಹೀಟ್ ಮೇಲಿರಬೇಕು, ಅವತ್ತು ರಾತ್ರಿ ನೀರು ಹೆಪ್ಪುಗಟ್ಟೋ ಚಳಿ ಇತ್ತು. ಹಾಗಿದ್ಮೇಲೆ ಯಾಕಪ್ಪಾ ಹಾಕ್ದೆ ಅಂದ್ರೆ, "ನೀವೇ ಅರ್ಜೆಂಟ್ ಮಾಡಿದ್ರಿ." ನಾನು ಅರ್ಜೆಂಟ್ ಮಾಡಿದ್ನಂತೆ! ನಾಳೆಗೆ ಮಾಲು ಮುಗಿಯುತ್ತೆ ಅಂದಿದ್ದು ಯಾರು?

ಆಮೇಲೆ: "ನಿಮ್ಮ ಕಸದ ಲಾರಿ ಭಾರ ಜಾಸ್ತಿ, ಅದಕ್ಕೆ ಕಿತ್ತೋಗಿದೆ." ಕಸದ ಲಾರಿ ಬರೋ ಜಾಗಕ್ಕೇ ಅಲ್ವಾ ನಿನ್ನ ಕರೆದಿದ್ದು.

ಆಮೇಲೆ: "48 ಗಂಟೆ ಕ್ಲೋಸ್ ಮಾಡ್ಬೇಕಿತ್ತು, ಕಾಂಟ್ರಾಕ್ಟ್ ಹಿಂದೆ ಬರೆದಿದೆ." ಹೌದು ಬರೆದಿದೆ, ಕನ್ನಡಕ ಹಾಕ್ಕೊಂಡ್ರೂ ಕಾಣದ ಅಕ್ಷರದಲ್ಲಿ. ಬಾಯಲ್ಲಿ ಹೇಳಿದ್ದು "ಸಂಜೆಗೆ ಓಪನ್ ಮಾಡ್ಕೊಳ್ಳಿ" ಅಂತ.

ವಾರಂಟಿ ಕೇಳಿದ್ರೆ, "ವಾರಂಟಿ ಮಟೀರಿಯಲ್‌ಗೆ, ಕೆಲಸಕ್ಕಲ್ಲ." ಮಟೀರಿಯಲ್ಲೇ ಸುಳ್ಳು ಅಂತ ಫೋಟೋ ಕಳಿಸಿ, ಪ್ಲಾಂಟಿನ ಲೋಡ್ ಟಿಕೆಟ್ ಕೊಡು ಅಂತ ಕೇಳ್ದೆ. ಹಾಟ್ ಮಿಕ್ಸ್ ಲಾರಿಗೆ ತುಂಬ್ಸಿದ್ರೆ ತೂಕ ಹಾಕಿ ಚೀಟಿ ಕೊಟ್ಟೇ ಕೊಡ್ತಾರೆ. ಆ ಮೆಸೇಜಿಗೆ ಹೆಬ್ಬೆಟ್ಟಿನ ಎಮೋಜಿ ಬಂತು. ಬರೀ ಹೆಬ್ಬೆಟ್ಟು. ಅದಾದ್ಮೇಲೆ ಬ್ಲಾಕ್.

ಬಿಲ್ಲಲ್ಲಿದ್ದ ವಿಳಾಸಕ್ಕೆ ಹೋದ್ರೆ ಬಾಡಿಗೆ ಮೇಲ್‌ಬಾಕ್ಸ್ ಕೊಡೋ ಅಂಗಡಿ. ಇನ್ಶೂರೆನ್ಸ್ ಸರ್ಟಿಫಿಕೇಟ್ ಅಂತ ಕೊಟ್ಟಿದ್ದ ಕಾಗದದಲ್ಲಿ ಬೇರೆ ಹೆಸರು, ಅದೂ ಅವಧಿ ಮುಗಿದಿದ್ದು. ಮೂರು ದಿನದಲ್ಲಿ ಕ್ಯಾನ್ಸಲ್ ಮಾಡೋ ಫೆಡರಲ್ ರೂಲ್ ಇದೆಯಲ್ಲ ಅಂತ ಒಬ್ಬರು ಅಂದ್ರು, ಅದು ಮನೆ ಬಳಕೆಗೆ ತಗೊಂಡಿದ್ದಕ್ಕೆ ಮಾತ್ರ, ಬಿಸಿನೆಸ್‌ಗೆ ಇಲ್ಲ. ಮಿಷಿಗನ್ ಸ್ಮಾಲ್ ಕ್ಲೇಮ್ಸ್ (ಸಣ್ಣ ಮೊತ್ತದ ಕೇಸಿನ) ಕೋರ್ಟಲ್ಲಿ 7,000 ಡಾಲರ್ ತನಕ ಕೇಳಬಹುದು, ಆದ್ರೆ ನೋಟೀಸ್ ಯಾರಿಗೆ ಕೊಡ್ಲಿ, ಮೇಲ್‌ಬಾಕ್ಸ್‌ಗಾ? ಅಟಾರ್ನಿ ಜನರಲ್ ಆಫೀಸಿಗೆ ದೂರು ಹಾಕಿದೀನಿ, ಬ್ಯಾಂಕಿಂದ ಚೆಕ್ ಕಾಪಿ ತೆಗೆಸಿದೀನಿ. ಕಂಪನಿ ಹೆಸರು ಇಲ್ಲಿ ಬರೀಬೇಡ ಅಂತ ವಕೀಲರು ಅಂದಿದಾರೆ, ಅದಕ್ಕೆ ಬರೀತಿಲ್ಲ, ಕೇಳ್ಬೇಡಿ. ಭಾವ ಅಂತೂ "ಆಗಿದ್ದಾಯ್ತು ಬಿಡೋ" ಅಂತಾರೆ, ಅಕ್ಕ ಮಾತ್ರ ಫೋನ್ ಮಾಡಿದಾಗೆಲ್ಲ "ಡಾಂಬರು ಹೆಂಗಿದ್ಯಪ್ಪಾ?" ಅಂತ ಶುರು ಮಾಡ್ತಾಳೆ.

ನೀವು ಮಾಡ್ಬೇಕಾಗಿದ್ದು ಇಷ್ಟು. ತಾನಾಗೇ ಬಂದೋನಿಗೆ ಕೆಲಸ ಕೊಡ್ಬೇಡಿ, ಬಿಸಿ ಮಾಲು ಉಳಿದಿದೆ ಅಂದ್ರೆ ಬಾಗಿಲಿಂದಾನೇ ಕಳಿಸಿ. ಮಾರ್ಚಲ್ಲಿ ಗುಂಡಿಗೆ ತಾತ್ಕಾಲಿಕವಾಗಿ ಕೋಲ್ಡ್ ಪ್ಯಾಚ್ ಹಾಕ್ಸಿ ಸಾಕು, ಹಾರ್ಡ್‌ವೇರ್ ಅಂಗಡೀಲಿ ಚೀಲ ಸಿಗುತ್ತೆ, ನೀವೇ ಹಾಕಬಹುದು. ಅಲಿಗೇಟರ್ ಕ್ರ್ಯಾಕ್ ಇದ್ರೆ ಸಾಮಾನ್ಯವಾಗಿ ಕೆಳಗಿನ ಜಲ್ಲಿ ಕೆಟ್ಟಿದೆ ಅಂತ ಅರ್ಥ, ಅದನ್ನ ಚೌಕಾಕಾರ ಕಟ್ ಮಾಡಿ, ಅಗೆದು, ಹೊಸ ಜಲ್ಲಿ ಗುದ್ದಿ, ಆಮೇಲೆ ಡಾಂಬರು ಹಾಕ್ಬೇಕು, ಅದರ ಮೇಲೇ ಎಳೀತೀನಿ ಅಂದೋನು ಕಳ್ಳ. ಬಿರುಕಿಗೆ ಬಿಸಿ ರಬ್ಬರ್ ತುಂಬ್ಸಿ ಆಮೇಲೆ ಬೇಸಿಗೇಲಿ ಸೀಲ್‌ಕೋಟ್. ಎಷ್ಟು ಚದರ ಅಡಿ, ರೋಲರ್ ಆದ್ಮೇಲೆ ಎಷ್ಟು ಇಂಚು, ಎಷ್ಟು ಟನ್, ಮೂರೂ ಬರೆಸ್ಕೊಳ್ಳಿ, ಲೋಡ್ ಟಿಕೆಟ್ ಕೈಗೆ ಬರದೆ ಕೊನೇ ದುಡ್ಡು ಕೊಡ್ಬೇಡಿ. ಇನ್ಶೂರೆನ್ಸ್ ಕಾಗದ ಅವನ ಕೈಯಿಂದ ತಗೋಬೇಡಿ, ಅವನ ಏಜೆಂಟ್‌ನಿಂದಲೇ ಕಳಿಸ್ಲಿ. ಕ್ಯಾಶ್ ಅಂತೂ ಬೇಡವೇ ಬೇಡ. ಕಾಫಿನೂ ಬೇಡ.

ಆ ಮುದುಕನೇ ಜೂನ್‌ಗೆ ಡೇಟ್ ಕೊಟ್ಟಿದಾನೆ, ಡಂಪ್‌ಸ್ಟರ್ ಕೆಳಗೆ ಡಾಂಬರು ಬೇಡ ಕಾಂಕ್ರೀಟ್ ಹಾಕ್ಸು ಅಂದಿದಾನೆ, ಅವನ ಎಸ್ಟಿಮೇಟ್ ಎಷ್ಟು ಅಂತ ಇಲ್ಲಿ ಬರೀಲ್ಲ, ಅಕ್ಕ ಇದನ್ನ ಓದ್ತಾಳೆ. ಅಲ್ಲೀ ತನಕ ಕ್ಯಾಚ್ ಬೇಸಿನ್ ಸುತ್ತ ಕೋನ್ ಇಟ್ಟಿದೀನಿ, ಅಂಗಡಿಗೆ ಬರೋರು ದಯವಿಟ್ಟು ಬಲಗಡೆ ಸಾಲಲ್ಲೇ ಗಾಡಿ ನಿಲ್ಸಿ.